ಹಾಡಿಲ್ಲದ ಮೂರು ನಿಮಿಷ

ಜನವರಿ 11

ಅಪ್ಪಾ,

ಕೈಕಾಲು ನೆಟ್ಟಗಿವೆ. ಅಮ್ಮ ಮೊದಲು ಕೇಳುವುದು ಇದನ್ನೇ, ಅದಕ್ಕೆ ಮೊದಲೇ ಬರೆದೆ. ಎಡ ಮೊಣಕೈ ಸ್ವಲ್ಪ ತರಚಿದೆ, ಅದು ಲೆಕ್ಕಕ್ಕಿಲ್ಲ.

ಫೋನಿನಲ್ಲಿ ಮಾತಾಡಿದರೆ ಮೂರನೇ ನಿಮಿಷಕ್ಕೆ ನಾವಿಬ್ಬರೂ ಜಗಳಕ್ಕೆ ಬೀಳುತ್ತೇವೆ. ಕಾಗದವಾದರೆ ಸಿಟ್ಟು ಬಂದಾಗ ಹರಿದು ಇನ್ನೊಂದು ಬರೆಯಬಹುದು ಎಂದವರು ನೀವೇ. ಇದು ಎರಡನೆಯದು.

ಒಪ್ಪಂದ ಮರೆತಿಲ್ಲ. ಕ್ಯಾಲೆಂಡರ್ ಹಾಳೆಯ ಹಿಂದೆ ನೀವು ಬರೆದು, ನನ್ನಿಂದ ಸಹಿ ಹಾಕಿಸಿ, ಅಮ್ಮನ ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಅಂಟಿಸಿದ್ದೀರಿ. ಜೂನ್ ಮುಗಿಯುವುದರೊಳಗೆ ಸ್ಕೇಟ್‌ಬೋರ್ಡಿನಿಂದ ನನಗೊಂದು ಕೆಲಸ ಸಿಗದಿದ್ದರೆ ಮನೆಗೆ ಬಂದು ನಿಮ್ಮ ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್ ತರಬೇತಿಗೆ ಸೇರಬೇಕು. ಈಗ ಒಂದು ದಾರಿ ಕಂಡಿದೆ. ಸ್ಕೇಟ್‌ಬೋರ್ಡ್ ತಯಾರಿಸುವ ಒಂದು ವರ್ಕ್‌ಶಾಪಿನವರು ಒಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಅವರ ಹೊಸ ಹಲಗೆಗಳನ್ನು ಓಡಿಸಿ ನೋಡುವುದು, ಮಕ್ಕಳಿಗೆ ಕಲಿಸುವುದು, ಇಷ್ಟೇ ಕೆಲಸ. ಸಂದರ್ಶನವಿಲ್ಲ, ಮಾರ್ಕ್ಸ್ ಕಾರ್ಡ್ ಬೇಡ. ಮೂರು ನಿಮಿಷದ ವಿಡಿಯೊ ಕಳಿಸಬೇಕು, ಅದನ್ನು ನೋಡಿ ಆರಿಸುತ್ತಾರೆ. ಮಾರ್ಚ್ ಒಂದು ಕೊನೆಯ ದಿನ. ಮಧ್ಯಾಹ್ನದಿಂದ ಜೆರಾಕ್ಸ್ ಅಂಗಡಿಯ ಕೆಲಸ ಹೇಗೂ ಇದೆ, ಬೆಳಗಿನ ಹೊತ್ತೆಲ್ಲ ವಿಡಿಯೊಗೆ.

ಇದುವರೆಗೆ ಆದದ್ದನ್ನು ಚಿಕ್ಕ ಮೆಮೊರಿ ಕಾರ್ಡಿನಲ್ಲಿ ಹಾಕಿ ಕಳಿಸಿದ್ದೇನೆ. ತೆಗೆದವಳು ನನ್ನ ರೂಮಿನ ಗೆಳತಿ. ಕ್ಯಾಮೆರಾ ಕೈಯಲ್ಲಿದ್ದರೆ ತುಟಿ ಬಿಚ್ಚುವುದಿಲ್ಲ, ಅದಕ್ಕೆ ಎಲ್ಲರೂ ಅವಳನ್ನು ಮೌನಿ ಎನ್ನುತ್ತಾರೆ. ಕೊನೆಯ ದೊಡ್ಡ ನೆಗೆತ ಇನ್ನೂ ಬಾಕಿ. ನೋಡಿ, ಬೈಯಿರಿ. ಆದರೆ "ಚೆನ್ನಾಗಿದೆ" ಎಂಬ ಪದವೂ ನಿಘಂಟಿನಲ್ಲಿದೆ ಎಂಬುದು ನೆನಪಿರಲಿ.

ನಿಮ್ಮ
ಗಿರಗಿಟ್ಲೆ


ಜನವರಿ 24

ಗಿರಗಿಟ್ಲೆ,

ನಾವಿಬ್ಬರೂ ಚೆನ್ನಾಗಿದ್ದೇವೆ. ಆ ಪದ ಬಳಸಿದ್ದೇನೆ, ನೋಡಿಕೋ.

ಭಾನುವಾರ ನಮ್ಮ ಮೇಸ್ತ್ರಿಯ ಮನೆಯ ಕಂಪ್ಯೂಟರಿನಲ್ಲಿ ವಿಡಿಯೊ ನೋಡಿದೆವು. ನಿನ್ನ ಅಮ್ಮ ಮೂರು ನಿಮಿಷವೂ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದು ಕೂತಿದ್ದಳು. ಮೇಸ್ತ್ರಿಯ ಹೆಂಡತಿ, "ಕುರ್ಚಿ ಎಲ್ಲೂ ಹೋಗಲ್ಲ, ಬಿಡಿ" ಅಂದರು.

ನನಗೆ ಈ ಆಟ ತಿಳಿಯದು. ಕೇಳಿದ್ದೀಯ, ಅದಕ್ಕೆ ಹೇಳುತ್ತೇನೆ. ಪ್ರತಿ ಸಲವೂ ನೀನು ಗಾಳಿಯಲ್ಲಿರುವಾಗ ಶುರುವಾಗಿ, ನೆಲ ಮುಟ್ಟಿದ ಕೂಡಲೇ ಮುಗಿದುಹೋಗುತ್ತದೆ. ಎಲ್ಲಿಂದ ಬಂದೆ, ಆಮೇಲೆ ಎಲ್ಲಿಗೆ ಹೋದೆ? ಯಂತ್ರ ರಿಪೇರಿ ಮಾಡಿ ಗುಂಡಿ ಒತ್ತಿದ ಕೂಡಲೇ ನಾವು ಮನೆಗೆ ಹೊರಡುವುದಿಲ್ಲ. ಹತ್ತು ನಿಮಿಷ ಓಡಿಸಿ ನೋಡಿದ ಮೇಲೇ ಕೈ ತೊಳೆಯುವುದು. ಅಷ್ಟೊಂದು ನಿಧಾನಗತಿಯೂ ಯಾಕೋ ತಿಳಿಯಲಿಲ್ಲ, ಎಲ್ಲರೂ ನೀರಿನೊಳಗೆ ಆಡಿದ ಹಾಗಿದೆ. ಇನ್ನು ಆ ಹಾಡು. ಮೂವತ್ತೊಂದು ವರ್ಷದಿಂದ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಯಾವ ರೋಲರ್ ಯಾವಾಗ ಕೈಕೊಡುತ್ತದೆ ಎಂದು ಹೇಳುತ್ತಾ ಬಂದವನು ನಾನು. ನಿನ್ನ ಗಾಲಿ ಏನನ್ನುತ್ತದೆ ಎಂದು ಕೇಳಲು ಕೂತರೆ ಯಾರೋ ತಗಡು ಬಡಿಯುತ್ತಿದ್ದಾರೆ. ಹಾಡು ತೆಗೆದು ಇನ್ನೊಮ್ಮೆ ಕಳಿಸು.

ನೀನು ಒಂದು ಸಲವೂ ಬೀಳುವುದಿಲ್ಲವಲ್ಲ, ಮೊಣಕೈ ತರಚಿದ್ದು ಹೇಗೆ ಎಂದು ನಿನ್ನ ಅಮ್ಮ ಕೇಳುತ್ತಿದ್ದಾಳೆ.

ತರಬೇತಿಯ ಅರ್ಜಿ ತಂದಿಟ್ಟಿದ್ದೇನೆ. ಹೆದರಿಸಲಿಕ್ಕಲ್ಲ, ಸುಮ್ಮನೆ ಹೇಳಿದೆ.

ಅಪ್ಪ


ಫೆಬ್ರವರಿ 27

ಅಪ್ಪಾ,

ಬಲ ಹಿಮ್ಮಡಿ ಊದಿದೆ. ನಡೆಯಬಲ್ಲೆ. ಉಳಿದದ್ದೆಲ್ಲ ನೆಟ್ಟಗಿದೆ.

ನಿಮ್ಮ ಕಾಗದವನ್ನು ಮೌನಿಗೆ ಓದಿ ಹೇಳಿದೆ. ಅವಳು ಕ್ಯಾಮೆರಾ ಕೆಳಗಿಟ್ಟು, "ನಿಮ್ಮಪ್ಪ ಸ್ಕೇಟ್ ಮಾಡ್ತಿದ್ರಾ?" ಅಂತ ಕೇಳಿದಳು. ಇಲ್ಲ, ಬೇರಿಂಗ್ ಕೇಳ್ತಾರೆ ಅಂದೆ. "ಎರಡೂ ಒಂದೇ ಬಿಡು" ಅಂದಳು. ಆ ವಾರದಲ್ಲಿ ಅವಳು ಆಡಿದ ಅತಿ ಉದ್ದದ ಮಾತು ಅದು.

ನೀವು ಹೇಳಿದ್ದು ಸರಿ. ಒಳ್ಳೆಯ ಸ್ಕೇಟ್ ವಿಡಿಯೊದಲ್ಲಿ ಒಂದು ನೆಗೆತಕ್ಕೆ ಒಂದೇ ಶಾಟ್ ಇರಬೇಕು. ಕಾಲಿನಿಂದ ತಳ್ಳಿಕೊಂಡು ಬಂದದ್ದು, ಎಗರಿದ್ದು, ಇಳಿದು ಆಚೆ ಉರುಳಿಹೋದದ್ದು ಎಲ್ಲವೂ ನಡುವೆ ಕತ್ತರಿ ಬೀಳದೆ ಕಾಣಬೇಕು. ಇಳಿದವಳು ಆಚೆಗೆ ಉರುಳಿಕೊಂಡು ಹೋಗದಿದ್ದರೆ ಅದು ಇಳಿದದ್ದೇ ಅಲ್ಲ. ಹೆಚ್ಚಿನವನ್ನು ಮತ್ತೆ ತೆಗೆದೆವು. ಮೌನಿ ತನ್ನ ಹಲಗೆಯ ಮೇಲೆ ನನ್ನ ಬೆನ್ನಿಗೇ ಬರುತ್ತಾಳೆ, ಕ್ಯಾಮೆರಾ ನೆಲದಿಂದ ಒಂದು ಗೇಣು ಮೇಲೆ. ನಾನು ಬಿದ್ದರೆ ಅವಳ ಮೇಲೇ ಬೀಳುತ್ತೇನೆ. ಹಾಗಾಗಿ ಅವಳ ಮೊಣಕೈಯೂ ನನ್ನದರಂತೆಯೇ ಇದೆ, ಅಮ್ಮನಿಗೆ ಹೇಳಿ.

ಕೊನೆಯ ನೆಗೆತದ ಜಾಗ ಬಾಗಿಲು ಮುಚ್ಚಿದ ಒಂದು ಬ್ಯಾಂಕಿನ ಹಿಂಬದಿ. ಮೇಲೆ ನಾಲ್ಕು ಮೆಟ್ಟಿಲು, ನಡುವೆ ನಾಲ್ಕು ಹೆಜ್ಜೆಯಷ್ಟು ಸಮತಟ್ಟು ಜಾಗ, ಕೆಳಗೆ ಮತ್ತೆ ನಾಲ್ಕು ಮೆಟ್ಟಿಲು. ಎಲ್ಲವನ್ನೂ ಒಂದೇ ನೆಗೆತಕ್ಕೆ ದಾಟಬೇಕು. ಈವರೆಗೆ ಇಬ್ಬರು ಹುಡುಗರು ದಾಟಿದ್ದಾರಂತೆ, ಹುಡುಗಿಯರು ಯಾರೂ ಇಲ್ಲ. ಅಲ್ಲಿ ಮೌನಿ ಹಿಂದೆ ಬರುವಂತಿಲ್ಲ, ಪಕ್ಕದಲ್ಲಿ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು ತಿರುಗಿಸುತ್ತಾಳೆ. ಎಂಟು ಗಂಟೆಗೆ ಕಾವಲುಗಾರ ಬಂದು ಓಡಿಸುತ್ತಾನೆ, ಅಷ್ಟರಲ್ಲಿ ಮುಗಿಯಬೇಕು.

ಆಯಿತು ಅಪ್ಪಾ. ದಾಟಿದೆ.

ಹಾಡಿರುವ ವಿಡಿಯೊ ನಿನ್ನೆಯೇ ವರ್ಕ್‌ಶಾಪಿಗೆ ಹೋಯಿತು. ಹಾಡು ತೆಗೆದದ್ದು ನಿಮಗೆ, ಕಾರ್ಡಿನಲ್ಲಿದೆ.

ನಿಮ್ಮ
ಗಿರಗಿಟ್ಲೆ


ಮಾರ್ಚ್ 9

ಗಿರಗಿಟ್ಲೆ,

ಹಾಡಿಲ್ಲದ ವಿಡಿಯೊವನ್ನು ನಾಲ್ಕು ಸಲ ನೋಡಿದೆ. ನೋಡಿದೆ ಅನ್ನುವುದಕ್ಕಿಂತ ಕೇಳಿದೆ. ಕೊನೆಯ ನೆಗೆತಕ್ಕೆ ನೀನು ತಳ್ಳಿಕೊಂಡು ಬರುವಾಗ ನಿನ್ನ ಯಾವುದೋ ಒಂದು ಗಾಲಿ ಕರಕರ ಅನ್ನುತ್ತದೆ. ಬೇರಿಂಗಿಗೆ ಮಣ್ಣು ಹೋಗಿ ಒಳಗಿನ ಗುಂಡು ಸವೆದಿದೆ. ನೀನು ಎಗರಿ, ದೀಪದ ಕಂಬದ ಹಿಂದೆ ಹಾದು, ಇಳಿದು ಆಚೆ ಉರುಳುವಾಗ ಆ ಸದ್ದಿಲ್ಲ. ಹೊಸ ಬೇರಿಂಗಿನ ಸದ್ದಿದೆ. ಗಾಳಿಯಲ್ಲಿ ಎಗರಿದ ಮಾತ್ರಕ್ಕೆ ಬೇರಿಂಗ್ ವಾಸಿಯಾದದ್ದನ್ನು ನಾನು ಕಂಡಿಲ್ಲ.

ನನ್ನ ಕಿವಿಗೂ ವಯಸ್ಸಾಯಿತು. ತಪ್ಪಿದ್ದರೆ ಬೈದು ಬರೆ, ಖುಷಿಯಿಂದ ಬೈಸಿಕೊಳ್ಳುತ್ತೇನೆ.

ತಪ್ಪಿರದಿದ್ದರೆ ಮುಂದಿನದನ್ನು ಓದು. ನೀನು ಹುಟ್ಟುವುದಕ್ಕೆ ಎರಡು ವರ್ಷ ಮುಂಚೆ, ಒಂದು ಸಂಜೆ, ಆರನೇ ರೋಲರಿಗೆ ಕಿವಿ ಕೊಡದೆಯೇ ರಿಜಿಸ್ಟರಿನಲ್ಲಿ "ಪರೀಕ್ಷಿಸಿದೆ" ಎಂದು ಬರೆದು ಸಹಿ ಹಾಕಿದೆ. ಮನೆಗೆ ಬೇಗ ಹೋಗಬೇಕಿತ್ತು, ಬೇರೆ ಕಾರಣವಿಲ್ಲ. ಮೂರನೇ ದಿನ ರೋಲರ್ ಕಚ್ಚಿಕೊಂಡು ನಿಂತಿತು. ಆ ಹೊತ್ತಿನ ಶಿಫ್ಟಿನಲ್ಲಿದ್ದ ಫಿಟ್ಟರ್ ಸರಿಯಾಗಿ ಎಣ್ಣೆ ಬಿಟ್ಟಿಲ್ಲ ಎಂದು ಹೇಳಿ ಅವನನ್ನು ಯಂತ್ರದಿಂದ ತೆಗೆದು ಗೋದಾಮಿಗೆ ಹಾಕಿದರು. ನನಗಿಂತ ಒಳ್ಳೆಯ ಕೆಲಸಗಾರ ಅವನು. ಹೋದ ವರ್ಷ ರಿಟೈರ್ ಆಗುವವರೆಗೂ ಕಾಗದದ ಕಟ್ಟು ಹೊತ್ತ. ನಾನು ಬಾಯಿ ಬಿಡಲಿಲ್ಲ. ನಿನ್ನ ಅಮ್ಮನಿಗೂ ಇದನ್ನು ಹೇಳಿದ್ದು ಹೋದ ವಾರ.

ಯಾರಿಗೂ ಗೊತ್ತಾಗಲಿಲ್ಲ. ನನಗೆ ಮಾತ್ರ ದಿನವೂ ಗೊತ್ತಾಗುತ್ತಿತ್ತು.

ಅಪ್ಪ


ಏಪ್ರಿಲ್ 14

ಗಿರಗಿಟ್ಲೆ ಕಂದಾ,

ಅಮ್ಮ ಬರೆಯುತ್ತಿದ್ದೇನೆ. ನನ್ನ ಅಕ್ಷರ ಹೊಲಿಗೆಯಷ್ಟು ನೇರವಿಲ್ಲ, ಓದಿಕೋ.

ಐದು ವಾರವಾಯಿತು. ಅಂಚೆಯವನ ಸೈಕಲ್ ಸದ್ದು ಕೇಳಿದ ಕೂಡಲೇ ನಿಮ್ಮಪ್ಪ, "ಇವತ್ತು ನಮ್ಮ ಮನೆಗಿಲ್ಲ, ಸೈಕಲ್ ನಿಧಾನ ಮಾಡ್ಲಿಲ್ಲ" ಅನ್ನುತ್ತಾರೆ. ಹಾಗೆಂದರೂ ಎದ್ದು ಹೋಗಿ ಡಬ್ಬಿ ತೆರೆದು ನೋಡುತ್ತಾರೆ. ಎರಡು ದಿನ ನೋಡಿದೆ. ಆಮೇಲೆ ನಗು ಬಂತು, ಆಮೇಲೆ ಅಳು ಬಂತು.

ನನಗೆ ನಿಮ್ಮ ಬೇರಿಂಗೂ ಗೊತ್ತಿಲ್ಲ, ನೆಗೆತವೂ ಗೊತ್ತಿಲ್ಲ. ಹರಿದ ಬಟ್ಟೆ ತಂದವರೆಲ್ಲ ಜೋಡಿಸಿದ್ದು ಕಾಣಬಾರದು ಅನ್ನುತ್ತಾರೆ. ಕಾಣದ ಹಾಗೇ ಹೊಲಿದು ಕೊಡುತ್ತೇನೆ. ಆದರೆ ಎಲ್ಲಿ ಜೋಡಿಸಿದೆ ಅನ್ನುವುದು ಹೊಲಿದ ಕೈಗೆ ಗೊತ್ತಿರುತ್ತದೆ. ಇಷ್ಟು ಹೇಳಿ ಸುಮ್ಮನಾಗುತ್ತೇನೆ.

ನಿನ್ನ ಪ್ಯಾಂಟುಗಳ ಮೊಣಕಾಲಿಗೆ ಎರಡು ಪದರದ ತೇಪೆ ಹಾಕಬೇಕೆಂದಿದ್ದೇನೆ. ಬೈದಾದರೂ ಬರೆ.

ಅಮ್ಮ


ಏಪ್ರಿಲ್ 22

ಅಪ್ಪಾ,

ಕೈಕಾಲು ನೆಟ್ಟಗಿವೆ. ಬೇರೇನೂ ನೆಟ್ಟಗಿಲ್ಲ.

ನಿಮ್ಮ ಮೇಲಿನ ಸಿಟ್ಟಿಗೆ ಐದು ಕಾಗದ ಹರಿದೆ. ವಿಡಿಯೊದಲ್ಲಿ ಹದಿನಾರು ನೆಗೆತ ನಿಜದ್ದು, ಎಲ್ಲವೂ ಒಂದೇ ಶಾಟ್. ಅವುಗಳ ಬಗ್ಗೆ ಒಂದು ಸಾಲೂ ಬರೆಯದೆ ಆ ಒಂದಕ್ಕೇ ಕಿವಿಯಿಟ್ಟಿರಿ ಎಂದು ಅತ್ತೆ. ನಿಮ್ಮ ರೋಲರಿನ ಕತೆ ಓದಿ ಇನ್ನೂ ಸಿಟ್ಟು ಬಂತು. ನನ್ನನ್ನು ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಅದಕ್ಕೂ ಜಾಗ ಬಿಡಲಿಲ್ಲ ನೀವು.

ಕಿವಿ ತಪ್ಪಿಲ್ಲ. ಫೆಬ್ರವರಿಯಲ್ಲಿ ಒಂದು ಮಂಗಳವಾರ ಮೇಲಿನಿಂದ ಎಗರಿ ಬಿದ್ದೆ. ಆ ಭಾನುವಾರ ಕರಕರ ಅನ್ನುವ ಬೇರಿಂಗ್ ತೆಗೆದು ಹೊಸದು ಹಾಕಿಕೊಂಡು, ನಡುವಿನ ಸಮತಟ್ಟು ಜಾಗದಿಂದ ಕೆಳಗಿನ ನಾಲ್ಕು ಮೆಟ್ಟಿಲು ಮಾತ್ರ ಹಾರಿ ಇಳಿದೆ. ಅಭ್ಯಾಸಕ್ಕೆ ತೆಗಿ ಎಂದು ಮೌನಿಗೆ ಹೇಳಿದ್ದೆ. ಅದೇ ಹಳದಿ ಅಂಗಿ, ಅದೇ ಹೊತ್ತಿನ ಬೆಳಕು. ಕಂಬ ಅಡ್ಡ ಬರುವ ಅರೆಕ್ಷಣದಲ್ಲಿ ಎರಡನ್ನೂ ಸೇರಿಸಿದೆ. ಮೌನಿ ನೋಡಿದಳು. "ಇದನ್ನ ಕಳಿಸೋದಾದ್ರೆ ನನ್ನ ಹೆಸರು ಹಾಕ್ಬೇಡ" ಅಂದಳು. ಹೆಸರು ತೆಗೆದು ಕಳಿಸಿದೆ. ಅವಳು ರೂಮು ಬಿಟ್ಟು ಅಕ್ಕನ ಮನೆಗೆ ಹೋದಳು.

ಹೋದ ವಾರ ವರ್ಕ್‌ಶಾಪಿನ ಕಾಗದ ಬಂತು. ನನ್ನನ್ನೇ ಆರಿಸಿದ್ದಾರೆ. ಕೊನೆಯ ನೆಗೆತ ನೋಡಿಯೇ ಆರಿಸಿದೆವು ಎಂದು ಬರೆದಿದ್ದಾರೆ. ಮೇ ಐದಕ್ಕೆ ಕೆಲಸಕ್ಕೆ ಬರಬೇಕು. ಕುಣಿಯಬೇಕಿತ್ತು. ಮೂರು ದಿನ ಅದನ್ನು ದಿಂಬಿನ ಕೆಳಗೆ ಅಡಗಿಸಿಟ್ಟೆ. ಯಾವುದಾದರೂ ಮಗು "ಅಕ್ಕಾ, ಅದನ್ನ ಮಾಡಿ ತೋರ್ಸಿ" ಅಂದರೆ ಏನು ಮಾಡುವುದು ಎಂಬ ಭಯ ಮೊದಲು. ಆಮೇಲೆ ಅದಕ್ಕಿಂತ ದೊಡ್ಡ ಭಯ, ಯಾರೂ ಕೇಳದೇ ಇದ್ದರೆ? ನಿಮ್ಮ ಹಾಗೆ ಇಪ್ಪತ್ತೆರಡು ವರ್ಷ ಬಾಯಿ ಮುಚ್ಚಿಕೊಂಡು ಇದ್ದುಬಿಡಬೇಕಾಗುತ್ತದೆ. ಈ ಸಾಲು ಕಟುವಾಗಿದೆ. ಆದರೂ ಇದನ್ನು ಹರಿಯುವುದಿಲ್ಲ.

ಇದ್ದದ್ದನ್ನು ಇದ್ದ ಹಾಗೆ ವರ್ಕ್‌ಶಾಪಿಗೆ ಬರೆದು ಇವತ್ತೇ ಅಂಚೆಗೆ ಹಾಕಿದೆ. ಈಗ ಕೆಲಸವಿಲ್ಲ. ಆ ಮೆಟ್ಟಿಲುಗಳಿವೆ, ಜೂನ್ ಕೊನೆಗೆ ಎರಡು ತಿಂಗಳಿದೆ. ಕೆಟ್ಟ ಬೇರಿಂಗನ್ನೂ ಬಿಸಾಡಿಲ್ಲ, ಡಬ್ಬಿಯಲ್ಲಿಟ್ಟಿದ್ದೇನೆ. ಅದನ್ನು ನೋಡಿದಾಗಲೆಲ್ಲ ಮೈ ಉರಿಯುತ್ತದೆ. ದಾಟಿಯೇ ಮನೆಗೆ ಬರುತ್ತೇನೆ.

ಗಿರಗಿಟ್ಲೆ


ಮೇ 13

ಗಿರಗಿಟ್ಲೆ,

ಆ ಸಾಲು ಕಟುವಾಗಿಯೇ ಇತ್ತು. ಹರಿಯದಿದ್ದದ್ದು ಒಳ್ಳೆಯದಾಯಿತು.

ನಿನ್ನ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಆ ಫಿಟ್ಟರನ ಮನೆಗೆ ಹೋದೆ. ಎರಡು ಸಲ ಬಾಗಿಲವರೆಗೆ ಹೋಗಿ ಬೀದಿಯ ಕೊನೆಗೆ ವಾಪಸ್ ಬಂದೆ. ಮೂರನೇ ಸಲ ಅವನೇ ಕಿಟಕಿಯಿಂದ, "ಎಷ್ಟ್ ಸಲ ಓಡಾಡ್ತೀಯ, ಒಳಗೆ ಬಾ" ಅಂದ. ಕೂತು ಎಲ್ಲ ಹೇಳಿದೆ.

"ಗೊತ್ತಿತ್ತು" ಅಂದ. "ರಿಜಿಸ್ಟರ್‌ನಲ್ಲಿ ನಿನ್ನ ಸಹಿ ನೋಡಿದ್ದೆ. ನೀನೇ ಬಂದು ಹೇಳ್ತೀಯ ಅಂತ ಕಾದೆ. ಆಮೇಲೆ ಕಾಯೋದನ್ನ ಬಿಟ್ಟೆ."

ಚಹಾ ಕೊಟ್ಟ. ಕ್ಷಮಿಸಿದೆ ಅನ್ನಲಿಲ್ಲ, ನಾನೂ ಕೇಳಲಿಲ್ಲ. ಕಾರ್ಖಾನೆಯ ಮೇಲಿನವರಿಗೂ ಬರೆದುಕೊಟ್ಟೆ. ಅವರು ಓದಿ, ಈಗ್ಯಾಕೆ ಇದು ಎಂಬಂತೆ ನನ್ನ ಮುಖ ನೋಡಿ, ಫೈಲಿಗೆ ಸೇರಿಸಿದರು. ಅವನು ಕಳೆದುಕೊಂಡ ವರ್ಷಗಳು ವಾಪಸ್ ಬರುವುದಿಲ್ಲ. ನಾನು ಇಪ್ಪತ್ತೆರಡು ವರ್ಷ ತಡಮಾಡಿದೆ ಮಗಳೇ, ನೀನು ಎಂಟು ವಾರ ಮಾಡಿದೆ. ಅಷ್ಟರ ಮಟ್ಟಿಗೆ ನೀನು ನನಗಿಂತ ಒಳ್ಳೆಯ ಫಿಟ್ಟರ್.

ಮೌನಿಯ ಹತ್ತಿರ ಹೋದೆಯಾ? ಕಿಟಕಿಯಿಂದ ಕರೆಯುತ್ತಾಳೆ ಎಂದು ಕಾಯಬೇಡ. ಬಾಗಿಲು ತಟ್ಟು.

ಬೀಳಬೇಡ ಎಂದು ನಾನು ಬರೆಯುವುದಿಲ್ಲ. ಬಿದ್ದದ್ದನ್ನೂ ತೆಗೆದು ಕಳಿಸು.

ಅಪ್ಪ


ಜೂನ್ 17

ಅಪ್ಪಾ,

ಬಲ ಮಣಿಕಟ್ಟಿಗೆ ಪಟ್ಟಿ ಕಟ್ಟಿದೆ, ಮುರಿದಿಲ್ಲ. ಸೊಂಟದ ಎಡಗಡೆ ತಟ್ಟೆಯಗಲ ನೀಲಿಗಟ್ಟಿದೆ. ಕೆಳದವಡೆಗೆ ಎರಡು ಹೊಲಿಗೆ, ಅಮ್ಮ ಹಾಕುವಷ್ಟು ನೀಟಾಗಿಲ್ಲ.

ಬಾಗಿಲು ತಟ್ಟಿದೆ. ಮೌನಿ ತೆರೆದಳು. ಹಾದಿಯುದ್ದಕ್ಕೂ ಬೇರೇನೋ ಮಾತು ಜೋಡಿಸಿಕೊಂಡು ಹೋಗಿದ್ದೆ. "ಕಂಬ ಅಡ್ಡ ಬರದ ಕಡೆ ಸ್ಟ್ಯಾಂಡ್ ಇಡೋಣ" ಅಂದೆ, ಅಷ್ಟೇ ಬಂದದ್ದು. ಅವಳು ಒಳಗೆ ಹೋಗಿ ಕ್ಯಾಮೆರಾದ ಚೀಲ ಹೆಗಲಿಗೆ ಹಾಕಿಕೊಂಡು ಬಂದಳು.

ನಾಲ್ಕು ವಾರ, ದಿನ ಬಿಟ್ಟು ದಿನ, ಬೆಳಕು ಹರಿದಾಗಿನಿಂದ ಕಾವಲುಗಾರ ಬರುವ ತನಕ. ಮೊದಮೊದಲು ಅವನು ಕೂಗಾಡಿ ಓಡಿಸುತ್ತಿದ್ದ. ಆಮೇಲೆ ಅವನಿಗೂ ಸಾಕಾಗಿ, ಗೇಟಿನ ಹತ್ತಿರ ನಿಂತು ತಲೆ ಅಲ್ಲಾಡಿಸಲು ಶುರುಮಾಡಿದ. ಮೂರು ಸಲ ಇಳಿದೆ, ಆದರೆ ಕೈ ನೆಲಕ್ಕೆ ತಾಗಿತು. ಮೌನಿ ಬೇಡ ಎಂದು ತಲೆಯಾಡಿಸಿದಳು. ನಾನೂ ಬೇಡ ಅಂದೆ. ಭಾನುವಾರ ಆಯಿತು. ಎಷ್ಟನೆಯ ಸಲಕ್ಕೆ ಎಂದು ಅವಳಿಗೆ ಗೊತ್ತು, ಕೇಳಿದರೆ ಹೇಳುತ್ತಿಲ್ಲ.

ಈ ವಿಡಿಯೊದ ಮೂರು ನಿಮಿಷವೂ ಆ ಮೆಟ್ಟಿಲೇ. ಬಿದ್ದದ್ದು ಬಿದ್ದ ಕ್ರಮದಲ್ಲೇ ಇದೆ, ಕೊನೆಗೆ ಇಳಿದದ್ದು. ಹಾಡಿಲ್ಲ, ನಿಧಾನಗತಿಯಿಲ್ಲ. ಮೌನಿಯ ಹೆಸರು ನನ್ನ ಹೆಸರಿಗಿಂತ ಮೊದಲು ಬರುತ್ತದೆ.

ವರ್ಕ್‌ಶಾಪಿನವರು ಮೇ ತಿಂಗಳಲ್ಲೇ ಉತ್ತರಿಸಿದ್ದರು. ನಿಜ ಹೇಳಿದ್ದಕ್ಕೆ ಮೆಚ್ಚಿಕೊಂಡು ಬೇರೆಯವರನ್ನು ತೆಗೆದುಕೊಂಡರು. ಮುಂದಿನ ಜನವರಿಗೆ ಇನ್ನೊಬ್ಬರು ಬೇಕಾಗುತ್ತಾರಂತೆ. ಆದರೆ ಹಾಳೆಯ ಮೇಲೆ ಜೂನ್ ಎಂದಿದೆ, ಸಹಿ ನನ್ನದೇ. ಮೂವತ್ತನೇ ತಾರೀಕು ಮನೆಗೆ ಬರುತ್ತೇನೆ. ಅರ್ಜಿ ಧೂಳು ಒರೆಸಿಡಿ. ನನಗೆ ಬೇಸರವಿದೆ, ಸುಳ್ಳು ಹೇಳುವುದಿಲ್ಲ. ನಾಚಿಕೆ ಮಾತ್ರ ಇಲ್ಲ.

ಇನ್ನೊಂದು ಸಂಗತಿಯಿದೆ, ಬರೆಯುವುದಿಲ್ಲ. ಕಿವಿಗೊಟ್ಟು ಕೇಳಿ.

ನಿಮ್ಮ
ಗಿರಗಿಟ್ಲೆ


ಜೂನ್ 23

ಗಿರಗಿಟ್ಲೆ,

ಮೇಸ್ತ್ರಿಯ ಮನೆಯಲ್ಲಿ ಮೊದಲ ಸಲ ಕಣ್ಣು ಮುಚ್ಚಿಕೊಂಡೇ ಕೇಳಿದೆ. ಹಲಗೆ ಒಂದು ಕಡೆ ಬೀಳುವ ಸದ್ದು, ನೀನು ಇನ್ನೊಂದು ಕಡೆ ಬೀಳುವ ಸದ್ದು. ನಿನ್ನ ಅಮ್ಮ ಈ ಸಲ ಕುರ್ಚಿ ಹಿಡಿಯಲಿಲ್ಲ. ನೀನು ಬಿದ್ದಾಗಲೆಲ್ಲ ಮೆಲ್ಲಗೆ "ಏಳು, ಏಳು ಮಗಳೇ" ಅನ್ನುತ್ತಿದ್ದಳು. ನೀನು ಎದ್ದ ಸದ್ದು ಕೇಳಿದ ಮೇಲೇ ಉಸಿರು ಬಿಡುತ್ತಿದ್ದಳು.

ಆಮೇಲೆ ಕೊನೆಯದು ಬಂತು. ಕರಕರ, ಕರಕರ, ಹತ್ತಿರ ಬಂತು. ಆಮೇಲೆ ಏನೂ ಇಲ್ಲ. ಕಾರ್ಖಾನೆಯಲ್ಲಿ ಸದ್ದು ಹಾಗೆ ನಿಂತುಹೋದರೆ ನಾನು ಎದ್ದು ಓಡುತ್ತಿದ್ದೆ. ಆಮೇಲೆ ಧಡ್ ಎಂದಿತು. ಆಮೇಲೆ ಮತ್ತೆ ಅದೇ ಕರಕರ, ಅದೇ ಗುಂಡು, ದೂರ ದೂರ ಹೋಯಿತು. ಕಾವಲುಗಾರ "ಏಯ್, ಹೋಗಮ್ಮಾ" ಎಂದು ಶುರುಮಾಡಿದವನು ಅರ್ಧದಲ್ಲೇ ನಿಲ್ಲಿಸಿದ.

ಹೊಸದನ್ನು ಬಿಚ್ಚಿ ಆ ಕೆಟ್ಟ ಬೇರಿಂಗನ್ನೇ ತಿರುಗಿ ಹಾಕಿಕೊಂಡು ಎಗರಿದ್ದೀಯ. ಅದು ಗಾಲಿಯನ್ನು ಹಿಡಿದೆಳೆಯುತ್ತದೆ, ವೇಗ ತಿನ್ನುತ್ತದೆ. ಪ್ರತಿ ಸಲವೂ ನಾಲ್ಕು ತಳ್ಳು ಹೆಚ್ಚಿಗೆ ಬೇಕಾಗಿರಬೇಕು. ನಾಲ್ಕು ವಾರ ಅದನ್ನು ಎಳೆದುಕೊಂಡು ಓಡಿದ್ದು ನನ್ನ ಕಿವಿಗೋಸ್ಕರ. ಕೇಳಿಸಿತು ಮಗಳೇ.

ಚೆನ್ನಾಗಿದೆ.

ಒಪ್ಪಂದದ ಹಾಳೆ ಗೋಡೆಯ ಮೇಲಿಲ್ಲ. ನಿನ್ನ ಅಮ್ಮ ಅದನ್ನು ಕಿತ್ತು ಮೊಣಕಾಲಿನ ತೇಪೆಗೆ ಅಳತೆ ಕತ್ತರಿಸಿಕೊಂಡಿದ್ದಾಳೆ. ಕೇಳಿದರೆ, "ದಪ್ಪ ಕಾಗದ ಬೇರೆ ಇರ್ಲಿಲ್ಲ" ಅನ್ನುತ್ತಾಳೆ. ಕಾಗದದ ಕಾರ್ಖಾನೆಯವನ ಮನೆಯಲ್ಲಿ ಕಾಗದವಿಲ್ಲ. ನಾನೂ ವಾದಿಸಲಿಲ್ಲ, ಅರ್ಜಿಯನ್ನೂ ಅವಳಿಗೇ ಕೊಟ್ಟೆ, ಇನ್ನೊಂದು ಮೊಣಕಾಲಿಗಾಯಿತು. ಮೂವತ್ತಕ್ಕೆ ಬಾ, ಮೌನಿಯನ್ನೂ ಕರೆದುಕೊಂಡು ಬಾ. ಗಾಯ ಮಾಗುವವರೆಗೆ ಇದ್ದು ವಾಪಸ್ ಹೊರಡಿ. ಜನವರಿಗೆ ಈ ಮೂರು ನಿಮಿಷವನ್ನೇ ಕಳಿಸು. ಹಾಡು ಹಾಕಿದರೆ ನನ್ನ ಹೆಸರು ಹೇಳಬೇಡ.

ಎಣ್ಣೆ ಕಾಗದದಲ್ಲಿ ಸುತ್ತಿ ಎಂಟು ಹೊಸ ಬೇರಿಂಗ್ ಕಳಿಸಿದ್ದೇನೆ. ಒಂದೊಂದನ್ನೂ ತಿರುಗಿಸಿ ಕಿವಿಗಿಟ್ಟು ಕೇಳಿದ್ದೇನೆ. ಕೆಟ್ಟ ಬೇರಿಂಗನ್ನು ನನ್ನ ಸರ್ವಿಸ್‌ನಲ್ಲಿ ಒಂದು ದಿನವೂ ಇಟ್ಟುಕೊಂಡವನಲ್ಲ, ಎಲ್ಲ ಗುಜರಿಗೇ ಹೋಗುತ್ತದೆ. ಅದೊಂದನ್ನು ಬಿಸಾಡಬೇಡ, ಬರುವಾಗ ನನಗೆ ತಂದುಕೊಡು.

ಅಪ್ಪ